ಸೋಪಿಗೆ ಕೆಂಪು, ನಿಂಬೆಗೆ ಹಳದಿ

ಸ್ನೇಹಿತರೇ, ಬರ್ಲಿಂಗ್ಟನ್ನಿನ ಲ್ಯಾಬಿನಲ್ಲಿ ದಿನವಿಡೀ ನೀರಿನ ಆಮ್ಲ, ಕ್ಷಾರ ಅಳೆಯುವ ನಾನು ಇವತ್ತು ಮನೆಯಲ್ಲೇ ಫೇಲಾದೆ.

ಮಗಳ ಕೆನೆಬಣ್ಣದ ವಿಂಟರ್ ಕೋಟಿನ ತೋಳಿಗೆ ಚಿತ್ರಾನ್ನ ಮೆತ್ತಿಕೊಂಡು ಅಂಗೈಯಗಲ ಹಳದಿ ಕಲೆಯಾಗಿತ್ತು. ಇರುವುದು ಅದೊಂದೇ ಕೋಟು. ಹಾಗೇ ಹಾಕಿಕೊಂಡು ಸೋಮವಾರ ಸ್ಕೂಲಿಗೆ ಹೋಗುವುದಿಲ್ಲವೆಂದು ಅವಳ ಹಟ. ಬೆಳಿಗ್ಗೆ ಸೋಪು ಹಾಕಿ ತಿಕ್ಕಿದೆ. ಹಳದಿ ಹೋಗುವುದಿರಲಿ, ತೋಳು ರಕ್ತದಂತೆ ಕೆಂಪಗಾಯಿತು.

ಮೈಸೂರಿನಿಂದ ಬಂದಿರುವ ಅತ್ತೆ ಇಣುಕಿ ನೋಡಿದರು. “ಅರಿಶಿನಕ್ಕೆ ಸುಣ್ಣ ಹಾಕಿ ಯಾವತ್ತೂ ಆರತಿ ನೀರು ಕದಡಿಲ್ವೇನೇ? ಇದೂ ಅದೇ. ನಿಂಬೆಹಣ್ಣು ಹಿಂಡು.”

ಹಿಂಡಿದೆ. ಮತ್ತೆ ಹಳದಿ.

“ಅಮ್ಮಾ, ಡೂ ಇಟ್ ಅಗೇನ್,” ಅಂದಳು ಮಗಳು. ಸೋಪು ಹಚ್ಚಿದರೆ ಕೆಂಪು, ನಿಂಬೆ ಹಿಂಡಿದರೆ ಹಳದಿ. ಮೂರು ಹಣ್ಣು ಮುಗಿದವು, ಕಲೆ ಇದ್ದಲ್ಲೇ ಇತ್ತು.

“ಕಲೆ ತೆಗೀತಿದೀರೋ, ಆಟ ಆಡ್ತಿದೀರೋ? ತೊಳೆದು ಬಿಸಿಲಿಗೆ ಹಾಕ್ರೇ,” ಅಂದರು ಅತ್ತೆ.

ಹೊರಗೆ ಮೈನಸ್ ಹದಿನೈದು, ಆದರೆ ಕಣ್ಣು ಕುಕ್ಕುವ ಬಿಸಿಲು. ಡೆಕ್ಕಿನ ಮೇಲೆ ಕೋಟು ಹಲಗೆಯಂತೆ ಸೆಟೆದುಕೊಂಡಿತು. ಸಂಜೆ ಒಳಗೆ ತಂದಾಗ ಕಲೆ ಮಾಯ.

ಮಗಳು ತೋಳು ತಿರುಗಿಸಿ ನೋಡಿ ಮುಖ ಸಪ್ಪೆ ಮಾಡಿದಳು. “ನೌ ಇಟ್ಸ್ ಜಸ್ಟ್ ಎ ಕೋಟ್.”

ಡ್ರೈಯರಿನಲ್ಲಿ ಒಣಗಿದ್ದೇ ತಡ, ಈಗ ಊಟಕ್ಕೆ ಅದನ್ನು ಹಾಕಿಕೊಂಡೇ ಕೂತಿದ್ದಾಳೆ. ಚಳಿಯಂತೆ. ಮನೆಯೊಳಗೆ ಇಪ್ಪತ್ತೆರಡು ಡಿಗ್ರಿ. ಅವಳ ಕಣ್ಣು ಮಾತ್ರ ಸಾರಿನ ಸೌಟಿನ ಮೇಲೆ.