ಗೆಲ್ಲೋ ಮ್ಯಾಚ್ ಮಾತ್ರ

ಅಪ್ಪನಿಗೆ ಎದೆನೋವು ಬಂದು, ಬೆಂಗಳೂರಿನ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದ ವರ್ಷ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ನಿಂತಿತು, ಬೀಡಿ ನಿಂತಿತು, ಸೋಲೂ ನಿಂತಿತು. ಮೊದಲಿನ ಎರಡನ್ನು ಡಾಕ್ಟರು ಗಂಭೀರವಾಗಿಯೇ ಹೇಳಿದ್ದರು. ಸೋಲಿನದು ಮಾತ್ರ ಅವರು ತಮಾಷೆಗೆ ಆಡಿದ ಮಾತು. ಮನೆಗೆ ಹೊರಡುವ ದಿನ ಅಪ್ಪ, "ಟಿವೀಲಿ ಫುಟ್‌ಬಾಲ್ ನೋಡ್ಬಹುದಾ ಸಾರ್?" ಅಂತ ಕೇಳಿದ್ದ. ಡಾಕ್ಟರು ಚೀಟಿ ಬರೆಯುತ್ತಲೇ, "ನೋಡಿ, ಆದ್ರೆ ನಿಮ್ಮೋರು ಗೆಲ್ಲೋ ಮ್ಯಾಚ್ ಮಾತ್ರ ನೋಡಿ" ಅಂದು ನಕ್ಕರು. ನಾನೂ ನಕ್ಕೆ. ಅಮ್ಮ ನಗಲಿಲ್ಲ. ಮಾತ್ರೆಯನ್ನು ಊಟಕ್ಕೆ ಮುಂಚೆಯೋ ಆಮೇಲೋ ಅಂತ ಕೇಳುವಷ್ಟೇ ಶ್ರದ್ಧೆಯಿಂದ ಆ ಮಾತನ್ನೂ ಗಟ್ಟಿಮಾಡಿಕೊಂಡಳು.

ಅಪ್ಪ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿದ್ದವನು. ಕಾರ್ಖಾನೆಯ ಫುಟ್‌ಬಾಲ್ ಟೀಮಿನಲ್ಲಿ ಎಡಗಡೆಯ ಬ್ಯಾಕ್ ಆಡುತ್ತಿದ್ದ. ಮಂಡಿ ಹೋದ ಮೇಲೆ ಆಟ ಬಿಟ್ಟ, ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡು ದಿಬ್ಬೂರಹಳ್ಳಿ ಹತ್ತಿರದ ನಮ್ಮ ಊರಿಗೆ ಬಂದ, ಹಿಪ್ಪುನೇರಳೆ ಹಾಕಿದ, ರೇಷ್ಮೆಹುಳು ಸಾಕಿದ. ಊರಿಗೆ ಕೇಬಲ್ ಬಂದದ್ದೇ ತಡ, ಯುರೋಪಿನ ಕ್ಲಬ್ಬುಗಳ ಕಪ್ಪಿನ ಹುಚ್ಚಿಗೆ ಬಿದ್ದ. ಕೆಂಪು ಅಂಗಿಯ ಒಂದು ತಂಡವನ್ನು ತನ್ನದು ಮಾಡಿಕೊಂಡ. ಆ ಊರು ಎಲ್ಲಿದೆ ಅಂತ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಅವರ ಎಡಗಡೆಯ ಬ್ಯಾಕ್ ಚೆನ್ನಾಗಿ ಆಡುತ್ತಾನೆ, ಅಷ್ಟು ಸಾಕಾಗಿತ್ತು.

ಆ ಆಟಗಳು ನಡೆಯುವುದು ನಮಗೆ ನಡುರಾತ್ರಿಯಲ್ಲಿ. ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪ ನಿದ್ದೆಗೆಡುವಂತಿರಲಿಲ್ಲ. ಮಾರನೆಯ ದಿನ ಸಂಜೆ ನಾಲ್ಕಕ್ಕೆ ಅದೇ ಆಟವನ್ನು ಮತ್ತೆ ಹಾಕುತ್ತಿದ್ದರು, ಅದನ್ನೇ ನೋಡುತ್ತಿದ್ದ. ಬೆಳಗಿನ ಪೇಪರಿನಲ್ಲಿ ಫಲಿತಾಂಶ ಇರುತ್ತಿರಲಿಲ್ಲ, ಯಾಕೆಂದರೆ ನಮ್ಮ ಕಡೆಗೆ ಬರುವ ಪೇಪರು ಆಟ ಮುಗಿಯುವ ಮೊದಲೇ ಅಚ್ಚಾಗಿರುತ್ತಿತ್ತು. ಹೀಗಾಗಿ ಸಂಜೆಯವರೆಗೂ ಆ ಆಟ ಅಪ್ಪನ ಪಾಲಿಗೆ ಹೊಸದಾಗಿಯೇ ಇರುತ್ತಿತ್ತು.

ಅಮ್ಮನ ವ್ಯವಸ್ಥೆ ಶುರುವಾದದ್ದು ಇಲ್ಲಿ. ನಾನು ಆಗ ಚಿಂತಾಮಣಿಯಲ್ಲಿ ಬಿಎಸ್ಸಿ ಓದುತ್ತಿದ್ದೆ, ದಿನಾ ಶಿಡ್ಲಘಟ್ಟದಲ್ಲಿ ಬಸ್ಸು ಬದಲಿಸಿ ಹೋಗಿಬರುತ್ತಿದ್ದೆ. ಕಾಲೇಜಿನ ಪಕ್ಕದಲ್ಲಿ ಒಂದು ಬ್ರೌಸಿಂಗ್ ಸೆಂಟರ್ ಇತ್ತು. ಆಟದ ಮಾರನೆಯ ದಿನ ನಾನು ಅಲ್ಲಿ ಫಲಿತಾಂಶ ನೋಡಿ ಅಮ್ಮನ ಮೊಬೈಲಿಗೆ ಮಿಸ್ಡ್ ಕಾಲ್ ಕೊಡಬೇಕು. ಒಂದು ರಿಂಗು ಬಂದರೆ ತೊಂದರೆಯಿಲ್ಲ, ನೋಡಲಿ. ಎರಡು ಸಲ ಬಂದರೆ ಸೋತಿದ್ದಾರೆ ಅಂತ. ಆಗ ಅಮ್ಮ ಹಿತ್ತಲಿಗೆ ಹೋಗಿ ಕೇಬಲ್ಲಿನ ಪಿನ್ನು ಸಡಿಲಮಾಡಿ ಬಂದು, "ಮತ್ತೆ ಕೇಬಲ್ ಹೋಗಿದೆ ಕಣ್ರೀ" ಅನ್ನುವಳು. ಪಾಪ, ಕೇಬಲ್ಲಿನವನು ಮಾಡದ ತಪ್ಪಿಗೆ ಬೈಗುಳ ತಿಂದ.

ಅಮ್ಮನ ಮುಖ ನೋಡಿ ಯಾರೂ ಏನನ್ನೂ ಕಂಡುಹಿಡಿಯಲಾರರು. ಹುಳು ಸಾಕುವ ಮನೆಯ ಹೆಂಗಸು ಅವಳು. ನಮ್ಮಲ್ಲಿ ಹುಳು ಚಂದ್ರಿಕೆಯ ಬಿದಿರು ತಟ್ಟೆಯನ್ನು ಹತ್ತಿ ಗೂಡು ಕಟ್ಟುವ ಹೊತ್ತಿನಲ್ಲಿ ಬೆಳೆ ಹೇಗಿದೆ ಅಂತ ಯಾರೂ ಕೇಳುವುದಿಲ್ಲ, ಕೇಳಿದರೂ ಹೇಳುವುದಿಲ್ಲ. ಗೂಡು ಬಿಡಿಸಿ ಮಾರಿ ಬರುವ ತನಕ ಮುಂದಿನ ಮಾತು ಆಡಬಾರದು. ಚೆನ್ನಾಗಿದೆ ಅಂದರೆ ದೃಷ್ಟಿ, ಚೆನ್ನಾಗಿಲ್ಲ ಅಂದರೆ ಅಪಶಕುನ. ಅಪ್ಪ ಆಸ್ಪತ್ರೆಯಿಂದ ಬಂದ ಮೇಲೆ ಅಮ್ಮ ಈ ಕಟ್ಟುಪಾಡನ್ನು ಅವನ ವಿಷಯಕ್ಕೂ ಹಾಕಿಬಿಟ್ಟಳು. ಮುಂದಿನ ತಿಂಗಳು ಚಿಕ್ಕಬಳ್ಳಾಪುರದಲ್ಲಿ ಮದುವೆ ಇದೆ ಅಂತ ಯಾರಾದರೂ ಅಂದರೆ, "ನೋಡಣ" ಅಂದು ಒಳಗೆ ಹೋಗುವಳು. ಹಬ್ಬಕ್ಕೆ ಸೀರೆ ಬೇಡ, ಮನೆಗೆ ಸುಣ್ಣ ಬೇಡ, ನನ್ನ ಮದುವೆಯ ಮಾತಂತೂ ಎತ್ತುವಂತೆಯೇ ಇರಲಿಲ್ಲ. ಕೊನೆಯದು ನನಗೆ ಅನುಕೂಲವೇ ಆಗಿತ್ತು, ಆದರೂ ಮನೆಯೆಲ್ಲ ಉಸಿರು ಹಿಡಿದು ಕೂತಂತೆ ಇರುತ್ತಿತ್ತು.

ನಾಕೌಟ್ ಹಂತ ಬಂತು. ಅಲ್ಲಿಯವರೆಗೆ ಒಂದು ಆಟ ಸೋತರೆ ಇನ್ನೊಂದರಲ್ಲಿ ಸರಿಮಾಡಿಕೊಳ್ಳಬಹುದಿತ್ತು. ಇಲ್ಲಿಂದ ಒಬ್ಬರ ಎದುರು ಎರಡೇ ಆಟ, ನಮ್ಮೂರಲ್ಲಿ ಒಂದು, ಅವರೂರಲ್ಲಿ ಒಂದು. ಎರಡರ ಗೋಲನ್ನೂ ಕೂಡಿಸಿ ಕಡಿಮೆಯಿದ್ದವರು ಮನೆಗೆ. ಮೊದಲ ಆಟವನ್ನು ಕೆಂಪು ಅಂಗಿಯವರು ತಮ್ಮೂರಲ್ಲಿ ಒಂದು ಗೋಲಿನಿಂದ ಗೆದ್ದರು. ನಾನು ಒಂದು ರಿಂಗು ಕೊಟ್ಟೆ, ಅಪ್ಪ ನೋಡಿದ. ಆದರೆ ಅವತ್ತು ಗೋಲು ಬಿದ್ದಾಗಲೂ ಅವನು ಕುರ್ಚಿಯಿಂದ ಏಳಲಿಲ್ಲ.

ಎರಡನೆಯ ಆಟದ ಹಿಂದಿನ ಸಂಜೆ ಅಪ್ಪನ ಜೊತೆ ತೋಟಕ್ಕೆ ಹೋಗಿದ್ದೆ. ಡಾಕ್ಟರು ನಡೆಯಲು ಹೇಳಿದ್ದರು, ಒಬ್ಬನನ್ನೇ ಬಿಡಬೇಡ ಅಂತ ಅಮ್ಮ ಹೇಳಿದ್ದಳು. ಹಿಪ್ಪುನೇರಳೆಯ ಸಾಲಿನ ನಡುವೆ ನಿಂತು ಅಪ್ಪ ಕೇಳಿದ, "ನಾಳೆ ಎಷ್ಟು ರಿಂಗಮ್ಮ?"

"ಯಾವ ರಿಂಗು?" ಅಂದೆ.

"ನಾನು ನೋಡಿದ್ದೆಲ್ಲಾ ಗೆಲ್ತಾರೆ. ಸೋಲೋ ದಿನ ಕೇಬಲ್ ಕೆಡುತ್ತೆ. ಅಷ್ಟೂ ಗೊತ್ತಾಗಲ್ವಾ ನಂಗೆ? ಟಿವಿ ಬಂತು ಅಂದ್ರೆ ಗೆದ್ರು ಅಂತ. ಆಮೇಲೆ ತೊಂಬತ್ತು ನಿಮಿಷ ಏನು ನೋಡ್ಲಿ? ಗೂಡು ಬಿಡಿಸಿ ಮಾರಿಬಂದ ಮೇಲೆ ಹುಳಕ್ಕೆ ಸೊಪ್ಪು ಹಾಕೋಕೆ ಕೂತಂಗೆ."

"ಅಮ್ಮಂಗೆ ಭಯ ಅಪ್ಪ."

"ನಂಗೂ ಭಯಾನೇ. ಆದ್ರೆ ಪರದೆ ಕಟ್ಟಿ, ಗಾಳಿ ತಡೆದು, ಹೊತ್ತೊತ್ತಿಗೆ ಹಾಕಿ, ನನ್ನೂ ಹುಳ ಸಾಕ್ದಂಗೆ ಸಾಕ್ತಿದ್ದೀರ. ಆಸ್ಪತ್ರೆಯಿಂದ ಬಂದಾಗಿಂದ ಮುಂದೇನು ಅಂತ ಗೊತ್ತಿಲ್ದೆ ಒಂದು ಗಂಟೆ ಕೂತಿಲ್ಲ ನಾನು. ನಾಳೆ ನೀನು ರಿಸಲ್ಟು ನೋಡ್ಬೇಡ. ಸುಮ್ನೆ ಒಂದು ರಿಂಗು ಕೊಟ್ಬಿಡು."

"ಏನಾದ್ರೂ ಆದ್ರೆ?"

ಅಪ್ಪ ಒಂದು ಎಲೆ ಕಿತ್ತು, ಬಿರುಸಾಗಿದೆಯಾ ಅಂತ ಬೆರಳಲ್ಲಿ ಮಡಿಸಿ ನೋಡಿದ. "ಆಗೋದಿದ್ರೆ ಸೊಪ್ಪು ಕೊಯ್ಯೋವಾಗ್ಲೂ ಆಗುತ್ತೆ ಕಣಮ್ಮ" ಅಂದ.

ನನಗೆ ಸಿಟ್ಟು ಬಂತು. ಅಮ್ಮನ ಭಯ ನನ್ನ ತಲೆಯ ಮೇಲೆ, ಅಪ್ಪನ ಆಸೆಯೂ ನನ್ನ ತಲೆಯ ಮೇಲೆ. ನಾನೇನು ಹೃದಯದ ಡಾಕ್ಟರೇ? ರಾತ್ರಿ ಅಪ್ಪನಿಗೆ ನೀರು ಕೂಡ ತಂದುಕೊಡಲಿಲ್ಲ. ಬೆಳಿಗ್ಗೆ ಹೊರಡುವಾಗ ಮಾತ್ರ, ಎದೆನೋವು ಬಂದರೆ ನಾಲಿಗೆಯ ಕೆಳಗೆ ಇಡುವ ಮಾತ್ರೆ ಎಲ್ಲಿದೆ ಅಂತ ಗೋಡೆಯ ಗೂಡಿನಲ್ಲಿ ನೋಡಿ ಹೊರಟೆ.

ಬ್ರೌಸಿಂಗ್ ಸೆಂಟರಿನ ಮುಂದೆ ನಿಂತೆ, ಒಳಗೆ ಹೋಗಲಿಲ್ಲ. ಫಲಿತಾಂಶ ನೋಡಿಬಿಟ್ಟರೆ ಅಪ್ಪನ ಎದುರು ಮುಖದಲ್ಲಿ ಏನೂ ತೋರಿಸದೆ ಕೂರುವುದು ನನ್ನಿಂದಾಗದು, ನಾನು ಅಮ್ಮನಲ್ಲ. ಫೋನು ತೆಗೆದು ಒಂದು ರಿಂಗು ಕೊಟ್ಟು ಕತ್ತರಿಸಿದೆ. ಮುಗಿಯಿತು. ಆಮೇಲೆ ಎರಡನೆಯ ರಿಂಗನ್ನೂ ಕೊಟ್ಟುಬಿಡಲೇ ಅಂತ ಪಾಠದುದ್ದಕ್ಕೂ ಬೆರಳು ಚಡಪಡಿಸುತ್ತಿತ್ತು.

ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕ್ಲಾಸಿನ ಹುಡುಗನೊಬ್ಬ ಸಿಕ್ಕ. ಅವನಿಗೂ ಇದೇ ಹುಚ್ಚು, ರಾತ್ರಿ ಎದ್ದು ನೋಡುವವನು. ದೂರದಿಂದಲೇ, "ಏ, ನಿಮ್ಮಪ್ಪನ ಟೀಮು..." ಅಂತ ಶುರುಮಾಡಿದ. "ಬಾಯಿ ಮುಚ್ಚೋ!" ಅಂತ ನಾನು ಕಿರುಚಿದ್ದಕ್ಕೆ ಮುರುಗಮಲ್ಲದ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಅವನನ್ನೇ ದುರುಗುಟ್ಟಿ ನೋಡಿದರು. ಅವನು ಏನು ತಪ್ಪು ಮಾಡಿದ ಅಂತ ನೋಡಲು ಇಬ್ಬರು ಎದ್ದೂ ಬಂದರು. ನಾನು ಸಿಕ್ಕ ಬಸ್ಸು ಹತ್ತಿದೆ. ಶಿಡ್ಲಘಟ್ಟ ಬರುವವರೆಗೂ ಅವನ ಮುಖವನ್ನೇ ನೆನಪಿಸಿಕೊಂಡೆ. ಬಾಯಿ ತೆರೆದಾಗ ನಗುತ್ತಿದ್ದನೋ, ಅಯ್ಯೋ ಅನ್ನುತ್ತಿದ್ದನೋ? ಒಮ್ಮೆ ಹಾಗೆ ಕಂಡಿತು, ಒಮ್ಮೆ ಹೀಗೆ.

ಮನೆಗೆ ಬಂದಾಗ ಅಂಗಳದಲ್ಲಿ ಚಪ್ಪರದ ಕೆಳಗೆ ಚಂದ್ರಿಕೆಗಳನ್ನು ಸಾಲಾಗಿ ನಿಲ್ಲಿಸಿದ್ದರು. ಹುಳು ಹಣ್ಣಾಗಿ ಗೂಡು ಕಟ್ಟುತ್ತಿತ್ತು. ಅಮ್ಮ ಹೊಸಿಲ ಬಳಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು, ಅಲ್ಲಿಂದ ಚಂದ್ರಿಕೆಯೂ ಕಾಣುತ್ತಿತ್ತು, ಟಿವಿಯೂ ಕಾಣುತ್ತಿತ್ತು. ನನ್ನನ್ನು ನೋಡಿ ಕಣ್ಣಲ್ಲೇ ಶಭಾಶ್ ಅಂದಳು. ನಾನು ಗೋಡೆಯ ಗೂಡಿನಿಂದ ಮಾತ್ರೆ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡು ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. ಅಪ್ಪ ನನ್ನ ಕಡೆ ನೋಡಿದ. ನೋಡಿಲ್ಲ ಅಂತ ತಲೆಯಾಡಿಸಿದೆ. ಅವನ ಮುಖದಲ್ಲಿ ಬಂದ ಬೆಳಕನ್ನು ನಾನು ಆರು ತಿಂಗಳಿಂದ ನೋಡಿರಲಿಲ್ಲ.

ಆಟ ಶುರುವಾಯಿತು. ನಾನು ಚೆಂಡನ್ನು ನೋಡಲಿಲ್ಲ, ಅಪ್ಪನ ಎಡಗೈಯನ್ನು ನೋಡಿದೆ. ಆಸ್ಪತ್ರೆಗೆ ಹೋದ ದಿನ ನೋವು ಮೊದಲು ಬಂದದ್ದು ಆ ಕೈಗೆ. ಕೈ ಮೊಣಕಾಲ ಮೇಲಿತ್ತು, ಬೆರಳುಗಳು ಓಡುತ್ತಿದ್ದವು. ಅರ್ಧ ಆಟ ಮುಗಿಯುವ ಮೊದಲೇ ಎದುರಿನವರು ಒಂದು ಗೋಲು ಹಾಕಿದರು. ಹೋದ ಸಲದ ಒಂದು, ಈ ಸಲದ ಒಂದು, ಲೆಕ್ಕ ಸಮವಾಯಿತು. ಅಪ್ಪನ ಕೈ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿಯಿತು.

"ಹೋಗ್ಲಿ ಬಿಡ್ರೀ, ಆಮೇಲೆ ಹೊಡೀತಾರೆ" ಅಂದಳು ಅಮ್ಮ, ಅವರೆಕಾಳಿನಿಂದ ಕಣ್ಣೆತ್ತದೆ.

"ಹೊಡೀದೆ ಇದ್ರೆ?" ಅಂದ ಅಪ್ಪ.

"ಹೊಡೀತಾರೆ ಅಂದ್ನಲ್ಲ."

ಅಷ್ಟು ಧೈರ್ಯವಾಗಿ ಫುಟ್‌ಬಾಲ್ ನೋಡಿದವರನ್ನು ನಾನು ಬೇರೆ ಕಂಡಿಲ್ಲ. ಇಡೀ ಮನೆಯಲ್ಲಿ ನೆಮ್ಮದಿಯಿಂದ ಇದ್ದವಳು ಅವಳೊಬ್ಬಳೇ, ಆ ನೆಮ್ಮದಿಯನ್ನು ಕೊಟ್ಟವಳು ನಾನು, ಅದು ಪೂರ್ತಿ ಸುಳ್ಳು.

ಎರಡನೆಯ ಅರ್ಧದ ನಡುವೆ, ಕೆಂಪು ಅಂಗಿಯವನೊಬ್ಬ ಗೋಲಿನ ಹತ್ತಿರ ಚೆಂಡು ತಗೊಂಡು ನುಗ್ಗುತ್ತಿದ್ದಾಗ ಕರೆಂಟು ಹೋಯಿತು. ಅಪ್ಪ ತೊಡೆ ತಟ್ಟಿಕೊಂಡು ವಿದ್ಯುತ್ ಇಲಾಖೆಯವರ ಮನೆಮಂದಿಯನ್ನೆಲ್ಲ ಎತ್ತಿ ಆಡಿದ. ಹೊರಗೆ ಚಂದ್ರಿಕೆಗಳ ಮೇಲೆ ಹುಳು ಹರಿಯುವ ಸಣ್ಣ ಸದ್ದು ಕೂಡ ಒಳಗೆ ಕೇಳಿಸುತ್ತಿತ್ತು. ಅಪ್ಪ ಬಲಗೈಯಿಂದ ಎಡಭುಜವನ್ನು ನಿಧಾನವಾಗಿ ಒತ್ತಿಕೊಳ್ಳತೊಡಗಿದ. ಹಣೆಯಲ್ಲಿ ಬೆವರಿತ್ತು.

"ಅಪ್ಪ, ನೋವಾ?"

"ಫ್ಯಾನಿಲ್ಲ. ಸೆಕೆ."

"ಭುಜ ಯಾಕೆ ಒತ್ಕೊತಿದ್ದೀಯ?"

"ಹಿಡ್ಕೊಂಡು ಕೂತಿದ್ನಲ್ಲ, ಸೆಟೆದಿದೆ."

ನಿಜವೋ ಸುಳ್ಳೋ ಹೇಗೆ ತಿಳಿಯುವುದು? ಅಮ್ಮನನ್ನು ಕರೆದು ಎಲ್ಲ ಹೇಳಿಬಿಡಬೇಕು ಅನ್ನಿಸಿತು. ಮಾತ್ರೆಯನ್ನು ಅವನ ಬಾಯಿಗೆ ತುರುಕಬೇಕು ಅನ್ನಿಸಿತು. ಅಪ್ಪ ನನ್ನ ಮುಷ್ಟಿಯನ್ನು ನೋಡಿದ. ಅದರೊಳಗೆ ಏನಿದೆ ಅಂತ ಅವನಿಗೆ ಗೊತ್ತಾಯಿತು ಅಂತ ಕಾಣುತ್ತದೆ. ನನ್ನ ತಲೆಯ ಮೇಲೆ ಕೈಯಿಟ್ಟು, "ನಿಜ್ವಾಗ್ಲೂ ಸೆಕೆ ಕಣಮ್ಮ" ಅಂದ. ನಂಬಿದೆ ಅನ್ನಲಾರೆ, ಆದರೆ ಸುಮ್ಮನೆ ಕೂತೆ.

ಕರೆಂಟು ಬಂದಾಗ ಇನ್ನೂ ಒಂದೇ ಗೋಲು, ಕೆಲವೇ ನಿಮಿಷ ಬಾಕಿ. ಅಮ್ಮ ಅವರೆ ಬಿಡಿಸುವುದನ್ನು ನಿಲ್ಲಿಸಿ ಒಳಗೆ ಬಂದು ನಿಂತಳು. ಗೆಲ್ಲುವವರು ಇಷ್ಟು ತಡಮಾಡುತ್ತಾರೆಯೇ ಅನ್ನುವ ಅನುಮಾನ ಅವಳ ಹುಬ್ಬಿನಲ್ಲಿ ಮೊದಲ ಸಲ ಕಂಡಿತು. ಆಗಲೇ ಎದುರಿನವರಿಗೆ ಒಂದು ಕಾರ್ನರ್ ಸಿಕ್ಕಿತು. ಚೆಂಡು ಗುಂಪಿನೊಳಗೆ ಬಿತ್ತು, ಯಾರದೋ ಮಂಡಿಗೆ ತಗುಲಿ ಒಳಗೆ ಹೋಯಿತು. ಅಪ್ಪನ ಮೆಚ್ಚಿನ ಎಡಗಡೆಯ ಬ್ಯಾಕ್ ಗೋಲುಕಂಬಕ್ಕೆ ಹಣೆಯಾನಿಸಿ ನಿಂತುಬಿಟ್ಟ. ಅದಾಗಿ ಸ್ವಲ್ಪ ಹೊತ್ತಿಗೇ ಆಟ ಮುಗಿಯಿತು ಅಂತ ಸೀಟಿ ಊದಿದರು.

"ಏಮೈಂದಿ? ಏನಾಯ್ತೇ?" ಅಮ್ಮ ಗಡಿಯಾಚೆಯ ಊರಿನವಳು, ಗಾಬರಿಯಾದಾಗ ತೆಲುಗು ಮೊದಲು ಬರುತ್ತಿತ್ತು. "ಒಂದ್ ರಿಂಗ್ ತಾನೇ ಕೊಟ್ಟಿದ್ದು ನೀನು?"

"ಸೋತ್ರು" ಅಂದ ಅಪ್ಪ. "ಔಟು. ಇವಳು ರಿಸಲ್ಟೇ ನೋಡಿಲ್ಲ. ನಾನೇ ಹೇಳಿದ್ದು, ಅವಳನ್ನ ಬೈಬೇಡ."

ಅಮ್ಮ ನನ್ನನ್ನು ಬೈಯಲಿಲ್ಲ. ನೆಲಕ್ಕೆ ಕುಸಿದು ಅಪ್ಪನ ಮಣಿಕಟ್ಟು ಹಿಡಿದಳು. ನಾಡಿ ನೋಡುವುದನ್ನು ಆಸ್ಪತ್ರೆಯ ನರ್ಸು ಅವಳಿಗೆ ಕಲಿಸಿದ್ದಳು. ಗೋಡೆಯ ಗಡಿಯಾರ ನೋಡುತ್ತಾ ತುಟಿ ಆಡಿಸುತ್ತಿದ್ದಳು. ನಡುವೆ ತಪ್ಪಿ ಮತ್ತೆ ಮೊದಲಿಂದ ಶುರುಮಾಡಿದಳು. ನಾನೂ ಅಪ್ಪನೂ ಉಸಿರಾಡದೆ ಅವಳ ತುಟಿಯನ್ನೇ ನೋಡುತ್ತಿದ್ದೆವು. ಕೊನೆಗೆ ಕೈ ಬಿಟ್ಟಳು.

"ಎಷ್ಟು?" ಅಂದ ಅಪ್ಪ.

"ಸರಿಯಾಗೇ ಇದೆ." ಅವಳಿಗೇ ನಂಬಿಕೆಯಾಗಲಿಲ್ಲ.

ಅಪ್ಪ ಅವಳ ಮಣಿಕಟ್ಟು ಹಿಡಿದ. "ನಿಂದೇ ಓಡ್ತಿದೆಯಲ್ಲೇ" ಅಂದ. "ನೋಡು, ಸೋತ್ರು. ನಾನಿಲ್ಲೇ ಇದ್ದೀನಿ."

ಆಸ್ಪತ್ರೆಯ ಬಾಗಿಲಲ್ಲಿ ಅಳದವಳು, ಮನೆಗೆ ಕರೆತಂದ ದಿನವೂ ಅಳದವಳು, ಆಗ ಗೊಳೋ ಅಂತ ಅತ್ತಳು. ಅವನ ತೊಡೆಗೆ ನಾಲ್ಕು ಏಟು ಹಾಕಿದಳು, ನನಗೂ ಒಂದು ಬಿತ್ತು. ನಾನು ಮುಷ್ಟಿ ಬಿಚ್ಚಿದರೆ ಮಾತ್ರೆ ಬೆವರಿಗೆ ಕರಗಿ ಅಂಗೈಗೆ ಅಂಟಿತ್ತು. ಆ ಸುಳ್ಳು ರಿಂಗಿಗೆ ನಾನು ಆಗಲೂ ಪಶ್ಚಾತ್ತಾಪ ಪಡಲಿಲ್ಲ, ಈಗಲೂ ಇಲ್ಲ.

ಅಮ್ಮ ಸೆರಗಲ್ಲಿ ಮುಖ ಒರೆಸಿಕೊಂಡು ಎದ್ದಳು. ಹೊಸಿಲ ಬಳಿ ಚೆಲ್ಲಿದ್ದ ಅವರೆಕಾಳನ್ನು ಮೊರಕ್ಕೆ ತುಂಬಿದಳು. ಅಂಗಳಕ್ಕೆ ಹೋಗಿ ಚಂದ್ರಿಕೆಗಳನ್ನು ಒಂದೊಂದಾಗಿ ನೋಡಿ ಬಂದಳು, ಎಂದಿನಂತೆ ಏನೂ ಹೇಳಲಿಲ್ಲ. ಆಮೇಲೆ ಬಾಗಿಲಲ್ಲಿ ನಿಂತು ಕೇಳಿದಳು:

"ಇನ್ನೊಂದು ಯಾವಾಗ?"

"ಔಟಾದ್ವಲ್ಲೇ. ಈ ಸಲ ಇಲ್ಲ."

"ಸರಿ. ಮುಂದಿನ ವರ್ಷ ನಾನೂ ಮೊದಲಿಂದ ಕೂತು ನೋಡ್ತೀನಿ. ಫೋನು ಗೀನು ಬೇಡ."

ಅಪ್ಪ ನನ್ನ ಕಡೆ ತಿರುಗಿದ. ನಾನೂ ಅವನನ್ನೇ ನೋಡುತ್ತಿದ್ದೆ. ಚಂದ್ರಿಕೆಯ ಮೇಲೆ ಹುಳು ಇನ್ನೂ ಗೂಡು ಕಟ್ಟುತ್ತಲೇ ಇತ್ತು, ಅಮ್ಮ ಮುಂದಿನ ವರ್ಷ ಅಂದಿದ್ದಳು.