ಹನ್ನೆರಡನೇ ಕುರ್ಚಿ

ಹೊಸನಗರದ ಆ ಸಣ್ಣ ಚರ್ಚಿನಲ್ಲಿ ಯೇಸುಸ್ವಾಮಿ ತನ್ನ ಹನ್ನೆರಡು ಶಿಷ್ಯರ ಪಾದ ತೊಳೆದ ನೆನಪಿಗೆ ಪವಿತ್ರ ಗುರುವಾರ ಫಾದರ್ ಕೈಯಲ್ಲಿ ಪಾದ ತೊಳೆಸಿಕೊಳ್ಳಲು ಹನ್ನೆರಡು ಜನರನ್ನು ಹೊಂದಿಸುವುದೇ ಒಂದು ಪಾಡು. ಇರುವುದೇ ಇಪ್ಪತ್ತಾರು ಮನೆ. ಹನ್ನೊಂದು ಕುರ್ಚಿ ಹೇಗೋ ತುಂಬುತ್ತವೆ. ಬಾಗಿಲ ಬದಿಯ ಹನ್ನೆರಡನೆಯದಕ್ಕೆ ಮಾತ್ರ ಯಾರೂ ಒಪ್ಪುವುದಿಲ್ಲ. ಅದು ಯೇಸುಸ್ವಾಮಿಯನ್ನು ಮೂವತ್ತು ಬೆಳ್ಳಿ ಕಾಸಿಗೆ ಹಿಡಿದುಕೊಟ್ಟ ಶಿಷ್ಯ ಯೂದನದು ಎಂದು ಯಾರೋ ಯಾವಾಗಲೋ ಹೇಳಿದ ಮಾತು ಹಾಗೇ ಉಳಿದುಬಿಟ್ಟಿದೆ.

ಆ ವರ್ಷ ಗಂಡಸರು ಹನ್ನೊಂದೇ ಆದರು. ಮಧ್ಯಾಹ್ನ ನೆಲ ಗುಡಿಸುತ್ತಿದ್ದ ಪಾವ್ಲಿನ್‌ಬಾಯಿಯ ಕಡೆ ಫಾದರ್ ತಿರುಗಿದರು.

"ಬಾಯಿ, ಈಗ ಹೆಂಗಸರೂ ಕೂರಬಹುದು. ಸಂಜೆ ನೀವು ಕೂತ್ಕೊಳ್ಳಿ."

ಅವಳ ಕೈಯಿಂದ ಪೊರಕೆ ಜಾರಿತು.

"ಕೂತ್ಕೊ ಮಾರಾಯ್ತಿ," ಎಂದು ಆಟೋ ಓಡಿಸುವ ಸಾಂತಾನ್ ನಕ್ಕ. "ನಿಂಗೆ ಮೂವತ್ತು ಬೆಳ್ಳಿ ಕಾಸು ಕೊಡೋರು ಈ ಹೊಸನಗರದಲ್ಲಿ ಯಾರಿದಾರೆ?"

ಕುರ್ಚಿ ಜೋಡಿಸುತ್ತಿದ್ದವರೆಲ್ಲ ನಕ್ಕರು. ಅವಳು ಮಾತ್ರ ಬಗ್ಗಿ ಪೊರಕೆ ಎತ್ತಿಕೊಂಡಳು. ಇವರಿಗೆ ಗೊತ್ತಾಗಿಬಿಟ್ಟಿದೆಯೋ?

ಪಾವ್ಲಿನ್‌ಬಾಯಿ ಸಾಗರದ ಕಡೆಯವಳು, ಕೆಂಪುಕಲ್ಲು ಕಡಿಯುವವರ ಮಗಳು. ಗಂಡ ಹೋಗಿ ಹದಿನಾಲ್ಕು ವರ್ಷ. ಅದಕ್ಕೂ ಐದು ವರ್ಷ ಮೊದಲಿನಿಂದ ನಿವೃತ್ತ ಟೀಚರ್ ಜಲಜಮ್ಮನ ಮನೆಯಲ್ಲಿ ಅಡುಗೆ ಮಾಡುತ್ತಿದ್ದಾಳೆ. ಭಾನುವಾರದ ಪೂಜೆ ಒಂದು ದಿನ ತಪ್ಪಿಸಿದವಳಲ್ಲ.

ಆದದ್ದು ಮಂಗಳವಾರ. ತೀರ್ಥಹಳ್ಳಿಯಿಂದ ಜಲಜಮ್ಮನ ನಾದಿನಿ ವರದಮ್ಮ ವಾರದ ಮಟ್ಟಿಗೆ ಬಂದಿದ್ದರು. ಅಡುಗೆಮನೆ ಬಾಗಿಲಲ್ಲಿ ನಿಂತು, "ನೀನು ಚರ್ಚಿಗೆ ಹೋಗೋಳಂತೆ, ಹೌದೇನೆ? ಅಂಥೋರ ಕೈ ಅಡುಗೆ ನಾನು ಮುಟ್ಟಲ್ಲ," ಎಂದರು.

"ಇಲ್ಲಮ್ಮ, ನಾನು ಅವರೋಳಲ್ಲ," ಎಂದುಬಿಟ್ಟಳು ಪಾವ್ಲಿನ್‌ಬಾಯಿ. ಕತ್ತಿನ ಶಿಲುಬೆಯನ್ನು ಬೆರಳು ತಾನಾಗಿಯೇ ರವಿಕೆಯೊಳಗೆ ತಳ್ಳಿತ್ತು. ಪಕ್ಕದಲ್ಲಿದ್ದ ಜಲಜಮ್ಮ ಅವಳ ಮುಖ ನೋಡಿದರು, ಏನೂ ಹೇಳಲಿಲ್ಲ.

ಯೇಸುವನ್ನು ತಾನರಿಯೆ ಎಂದ ಶಿಷ್ಯ ಪೇತ್ರನಾದರೂ ಹೊರಗೆ ಹೋಗಿ ಅತ್ತಿದ್ದ. ಇವಳು ಹುರುಳಿಕಾಯಿ ಹೆಚ್ಚುತ್ತಲೇ ಇದ್ದಳು. ಯಾರೂ ಹೊಡೆದಿರಲಿಲ್ಲ, ಬೆದರಿಸಿರಲಿಲ್ಲ. ಉಸಿರು ಬಿಟ್ಟಷ್ಟು ಸಲೀಸಾಗಿ ಬಂದಿತ್ತು ಆ ಮಾತು. ಅವಳನ್ನು ಹೆದರಿಸಿದ್ದು ಅದೇ. ಅರವತ್ತೆಂಟು ವರ್ಷದ ಪ್ರಾರ್ಥನೆ ಒಂದು ತಟ್ಟೆ ಪಲ್ಯದ ಎದುರು ನಿಲ್ಲಲಿಲ್ಲವಲ್ಲ. ನಾಳೆ ಇನ್ನೊಬ್ಬರು ಕೇಳಿದರೆ? ಸಾಯುವಾಗ ಕೇಳಿದರೆ?

ಸಂಜೆ ಆ ಕುರ್ಚಿಯ ಮುಂದೆ ಬಂದು ನಿಂತಳು. ಕೂತವರು ವರ್ಷದೊಳಗೆ ದ್ರೋಹ ಮಾಡುತ್ತಾರಂತೆ. ನಾನು ಕೂರುವ ಮೊದಲೇ ಮಾಡಿ ಮುಗಿಸಿದ್ದೇನೆ, ಇನ್ನು ಇದಕ್ಕೆ ಹೆದರಿ ಏನು, ಎಂದು ಕೂತಳು.

ಫಾದರ್ ಮಂಡಿಯೂರಿ ಪಾದಕ್ಕೆ ಕೈ ಹಾಕಿದಾಗ ಹಿಂದಕ್ಕೆ ಎಳೆದುಕೊಂಡಳು.

"ಬೇಡ ಫಾದರ್," ಎಂದಳು ಮೆಲ್ಲಗೆ. "ನಾನು ಸ್ವಾಮಿಯೋಳಲ್ಲ ಅಂದಿದೀನಿ."

ಅವರು ತಲೆಯೆತ್ತಿ ನೋಡಿದರು. "ಕಾಲು ಕೊಡಿ," ಎಂದರು ಅಷ್ಟೆ. ನೀರು ತಣ್ಣಗಿತ್ತು.

ಪೂಜೆ ಮುಗಿದ ಮೇಲೆ ನೇರ ಜಲಜಮ್ಮನ ಮನೆಗೆ ನಡೆದಳು. ರಾತ್ರಿಗೆ ಅಕ್ಕಿರೊಟ್ಟಿ ಆಗಬೇಕಿತ್ತು. ವರದಮ್ಮ ಟಿ.ವಿ. ಮುಂದೆ ಕೂತಿದ್ದರು.

"ಎಲ್ಲಿ ಹೋಗಿದ್ಯೇ ಇಷ್ಟೊತ್ತು?"

ಪೇಟೆಗೆ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಮತ್ತೆ ಅಷ್ಟೇ ಸಲೀಸು. ಅವಳು ಗೋಡೆ ಹಿಡಿದುಕೊಂಡಳು.

"ಚರ್ಚಿಗೆ ಅಮ್ಮಾ. ಮೊನ್ನೆ ಸುಳ್ಳು ಹೇಳಿದ್ದೆ. ನಾನು ಅವರೋಳೇ."

ವರದಮ್ಮ ನಾದಿನಿಯ ಠೀವಿಯಲ್ಲಿ ಜಲಜಮ್ಮನ ಕಡೆ ತಿರುಗಿದರು. "ಕೇಳಿದ್ಯಾ?"

"ಗೊತ್ತು," ಎಂದರು ಜಲಜಮ್ಮ. "ಮೊನ್ನೆ ನಾನೂ ಬಾಯಿ ಮುಚ್ಕೊಂಡಿದ್ದೆ."

ವರದಮ್ಮ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಜಲಜಮ್ಮ, "ನಾಳೆ ಬಾ" ಎನ್ನಲಿಲ್ಲ, "ಬರಬೇಡ" ಎನ್ನಲೂ ಇಲ್ಲ.

ಪಾವ್ಲಿನ್‌ಬಾಯಿ ಎಷ್ಟು ರೊಟ್ಟಿ ತಟ್ಟಬೇಕೆಂದು ತಿಳಿಯದೆ ಹಿಟ್ಟಿನ ಮುಂದೆ ನಿಂತಳು. ಹೆದರಿಕೆ ಹೋಗಿರಲಿಲ್ಲ. ಕೆಲಸ ಉಳಿಸು ಎಂದು ಬೇಡಬೇಕೆಂದುಕೊಂಡಳು. ಬೇಡಿದ್ದು ಬೇರೆ: ನಾಳೆಯೂ ಯಾರಾದರೂ ಕೇಳುತ್ತಾರೆ ಸ್ವಾಮಿ, ನನ್ನ ಬಾಯಿಯನ್ನು ನೀನೇ ಕಾಯಿ.