ಗೇಟಿನ ತನಕ ಬಂದಿದ್ದ ಕಾಕಾ

ಮೊನ್ನೆ ಹತ್ಯಾರಿನ ಪೆಟ್ಟಿಗೆಯ ತಳದಲ್ಲಿ ಆ ಸ್ಕ್ರೂಡ್ರೈವರ್ ಸಿಕ್ಕಿತು. ಕಟ್ಟಿಗೆಯ ಹಿಡಿಕೆ, ಕಿವಿಗೆ ಒತ್ತಿ ಒತ್ತಿ ನುಣುಪಾಗಿದೆ. ಮೂಸಿದರೆ ಈಗಲೂ ಎಣ್ಣೆ ಹಚ್ಚಿದ ತೊಗರಿಯ ವಾಸನೆ... ಕಾಕಾ ನೆನಪಾದರು.

ಅವರು ನನ್ನ ಸಂಬಂಧಿಕರಲ್ಲ. ದಾಲ್ ಮಿಲ್ಲಿನ ಫಿಟ್ಟರ್ ಆಗಿ ವಯಸ್ಸು ಕಳೆದು, ಆಮೇಲೆ ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದಿನ ಚಹಾದಂಗಡಿಯಲ್ಲಿ ಕೂತು ಜನರನ್ನು ಕೆಲಸಕ್ಕೆ ಹಚ್ಚುತ್ತಿದ್ದರು. ಇಂಡಿ, ಮುದ್ದೇಬಿಹಾಳ, ಬಾಗೇವಾಡಿ, ಎಲ್ಲಿಯ ಮಿಲ್ಲಿಗೆ ಆಪರೇಟರ್ ಬೇಕಾದರೂ ಮಾಲೀಕರು ಅವರಿಗೇ ಫೋನ್ ಮಾಡುತ್ತಿದ್ದರು. ‘ಇಂವನ್ನ ನಾ ಕಳಸೇನಿ’ ಎಂಬ ಅವರ ಮಾತೇ ಸರ್ಟಿಫಿಕೇಟು. ಏಳನೇ ಇಯತ್ತೆಗೇ ಸಾಲಿ ಬಿಟ್ಟ ನನಗೆ ಬೇರೆ ಸರ್ಟಿಫಿಕೇಟು ಇರಲೂ ಇಲ್ಲ.

ಬೇರಿಂಗಿಗೆ ಸ್ಕ್ರೂಡ್ರೈವರಿನ ತುದಿ ಇಟ್ಟು, ಹಿಡಿಕೆಗೆ ಕಿವಿಗೊಟ್ಟು, ಒಳಗಿನ ಸಪ್ಪಳ ಕೇಳುವುದನ್ನು ಅವರೇ ಕಲಿಸಿದ್ದು. ಒಂದೊಂದು ಮಷೀನಿನ ಸಪ್ಪಳ ಒಂದೊಂದು ಥರ. ಅದಕ್ಕೇ ಅವರದೊಂದು ಕಟ್ಟಳೆ ಇತ್ತು.

“ಕೆಲಸ ಬಿಡು, ಬ್ಯಾಡ ಅನ್ನಂಗಿಲ್ಲ. ಮಾರಿ ನೋಡಿ ಹೇಳಿ ಬಿಡು. ಹದಿನೈದು ದಿನಾ ನಿಂತು ಹೊಸಬಗ ಸಪ್ಪಳಾ ಕಲಿಸಿ ಹೋಗು. ಮತ್ತ ಹೋಗೂ ಜಾಗಾದಾಗ, ಹಿಂದಿನಾಂವ ಯಾಕ ಬಿಟ್ಟ ಅಂತ ಮೊದಲ ಕೇಳು. ಹೆಣ್ಣು ನೋಡಾಕ ಹೋದ್ರ ನೂರಾ ಎಂಟು ಕೇಳ್ತಿ, ಇದನ್ನ ಕೇಳಾಕ ಏನ್ ಧಾಡಿ?”

ಒಂದು ತೊಗರಿ ಸುಗ್ಗಿಯಲ್ಲಿ, ಹಮಾಲರ ಎದುರಿಗೆ, ಕಾಕಾ ನನ್ನನ್ನು ಹಚ್ಚಿದ್ದ ಸಿಂದಗಿ ಮಿಲ್ಲಿನ ಮಾಲೀಕ ನನ್ನನ್ನು ‘ಸಾಲಿ ಕಲೀದಾಂವ’ ಎಂದು ಹಂಗಿಸಿದ. ಅಂದು ಮಧ್ಯಾಹ್ನವೇ ಯಾರಿಗೂ ಹೇಳದೆ ಝಳಕಿಯ ದಾರಿ ಹಿಡಿದೆ. ಅಲ್ಲಿನ ಮಿಲ್ಲಿನವರು ಮೊದಲೇ ಕರೆದಿದ್ದರು. ಹಿಂದಿನವನು ಯಾಕೆ ಬಿಟ್ಟ ಎಂದು ಕೇಳಲಿಲ್ಲ. ಎರಡು ಪಾಳಿಯನ್ನು ಒಬ್ಬನ ಮೇಲೆಯೇ ಹೇರುತ್ತಾರೆಂದು ವಾರದಲ್ಲೇ ತಿಳಿಯಿತು.

ಅತ್ತ ಸಿಂದಗಿಯಲ್ಲಿ ಬೇರಿಂಗ್ ಸವೆದು ಒದರಿದ್ದು ಹೊಸಬನಿಗೆ ತಿಳಿಯಲಿಲ್ಲ. ಶಾಫ್ಟ್ ಮುರಿದು, ಸುಗ್ಗಿಯ ನಡುವೆ ಮಿಲ್ ನಿಂತಿತು. ‘ಕಾಕಾನ ಮಂದಿ ಬ್ಯಾಡ’ ಎಂದು ಮಾಲೀಕ ಊರೂರಿಗೆ ಫೋನ್ ಹಚ್ಚಿ ಹೇಳಿದನಂತೆ. ಚಹಾದಂಗಡಿಯಲ್ಲಿ ಕಾಕಾನ ಫೋನ್ ಸುಮ್ಮನಾಯಿತು.

ತಿಂಗಳಾದ ಮೇಲೆ ಅವರು ನಾನಿದ್ದಲ್ಲಿಗೇ ಬಂದರು. ಕಿಟಕಿಯಿಂದ ಕಂಡೆ. ಬೈಸಿಕೊಳ್ಳಲು ಹೆದರಿಕೆ ಇರಲಿಲ್ಲ. ತಪ್ಪಾಯಿತು ಅನ್ನಲು ನಾಲಿಗೆ ಏಳಲಿಲ್ಲ. ವಾಚಮನ್‌ಗೆ, “ಇಲ್ಲಂತ ಹೇಳು” ಎಂದೆ. ಬಸ್ ಬರುವ ತನಕ ಗೇಟಿನಾಚೆ ಬೇವಿನ ನೆರಳಲ್ಲಿ ಕೂತಿದ್ದರು...

ನಾನು ಸಿಂದಗಿಯಲ್ಲೇ ಬಿಟ್ಟು ಬಂದಿದ್ದ ಈ ಸ್ಕ್ರೂಡ್ರೈವರನ್ನು ವಾಚಮನ್ ಕೈಗೆ ಕೊಟ್ಟು ಹೋಗಿದ್ದರು.

“ಏನಂದ್ರು?” ಎಂದು ಕೇಳಿದೆ.

ವಾಚಮನ್ ನಕ್ಕ. “ರೋಲರಿನ ಎಡಗಡಿ ಬೇರಿಂಗ್ ಒದರಾಕತ್ತೈತಿ, ಒಳಗ ಇಲ್ಲದಾಂವಗ ಹೇಳು ಅಂದ್ರು.”

ಹೋಗಿ ಕಿವಿಗೊಟ್ಟೆ. ಖರೇ ಇತ್ತು.

ಮರುವರ್ಷದ ಸುಗ್ಗಿಗೆ ಕಾಕಾ ಇರಲಿಲ್ಲ. ಮಣ್ಣಿಗೂ ನಾನು ಹೋಗಲಿಲ್ಲ. ಯಾವ ಮಾರಿ ತೋರಿಸುವುದು...

ಈಗ ನಾನಿರುವ ಈ ಮುದ್ದೇಬಿಹಾಳದ ಮಿಲ್ಲು ಬಿಡುತ್ತಿದ್ದೇನೆ. ಹದಿನೈದು ದಿನ ನಿಲ್ಲುತ್ತೇನೆ ಎಂದಾಗ ಮಾಲೀಕನಿಗೇ ಸೋಜಿಗ. “ಈಗಿನ ಮಂದಿ ಫೋನ್ ಬಂದ್ ಮಾಡಿ ಹೊಂಟಬಿಡ್ತಾರ, ನೀ ಯಾಕ ನಿಲ್ತಿ ಮಾರಾಯಾ?” ಎಂದ.

ಹೊಸ ಆಪರೇಟರಿಗೆ ಸಪ್ಪಳ ಕಲಿಸುತ್ತಿದ್ದೇನೆ. ನಿನ್ನೆ ಅವನು ಕೇಳಿದ, “ಇದನ್ನ ನಿಮಗ ಯಾರ ಕಲಿಸಿದ್ರೀ?”

“ಕಾಕಾ.”

“ಈಗ ಎಲ್ಲಿ ಅದಾರ್ರಿ?”

ಕೇಳಿಸದವನಂತೆ ಹಿಡಿಕೆಗೆ ಕಿವಿ ಒತ್ತಿದೆ.